ಅಮ್ಮ ತಿರುಗಾಟಕ್ಕೆ ಹೊರಟಾಗ

“ನೀನು ಹೋದರೆ ನಮ್ಮ ಗತಿ ಎಂತ?”

ಹಪ್ಪಳದ ಕಟ್ಟುಗಳನ್ನು ಪೆಟ್ಟಿಗೆಗೆ ತುಂಬಿಸುತ್ತಿದ್ದಾಗ ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಕೇಳಿದ ಮಾತಿದು. ಅವರು ಕೇಳಿದ್ದು ತಮಾಷೆಗೆ. ಆದರೆ ನನಗೆ ನಗು ಬರಲಿಲ್ಲ. ಆ ಹೊತ್ತಿಗೆ ಎರಡು ದಿನಕ್ಕಾಗುವಷ್ಟು ಸಾಂಬಾರು ಕುದಿಸಿ ಇಟ್ಟಾಗಿತ್ತು, ದೋಸೆಗೆ ಅರೆದಾಗಿತ್ತು, ಮಗಳ ಯೂನಿಫಾರ್ಮಿಗೆ ಇಸ್ತ್ರಿ ಹಾಕಿಯಾಗಿತ್ತು. ಆದರೂ ಏನೋ ತಪ್ಪು ಮಾಡುತ್ತಿದ್ದೇನೆ ಅನ್ನುವ ಅಳುಕು!

ದರ್ಬೆಯ ನಮ್ಮ ಮನೆಯಲ್ಲಿ ನಾವು ನೆರೆಕರೆಯ ಮೂವರು ಹೆಂಗಸರು ಸೇರಿ ಹಲಸಿನ ಹಪ್ಪಳ, ಮಾಂಬಳ, ಮಿಡಿ ಉಪ್ಪಿನಕಾಯಿ ಮಾಡುತ್ತೇವೆ. ಬೇಸಿಗೆಯಲ್ಲಿ ಮಾಡಿದ್ದನ್ನು ಮಳೆಗಾಲದಲ್ಲಿ ಮಾರಬೇಕು. ಆದರೆ ಪುತ್ತೂರಿನಲ್ಲಿ ಹಲಸಿನ ಹಪ್ಪಳಕ್ಕೆ ದುಡ್ಡು ಕೊಡುವವರು ಯಾರು? ಮನೆ ಮನೆಯಲ್ಲೂ ಒಂದೊಂದು ಡಬ್ಬಿ ಉಂಟಲ್ಲ! ಊರು ಬಿಟ್ಟು ಬೆಂಗಳೂರು, ಮೈಸೂರು ಸೇರಿದ ನಮ್ಮವರಿಗೇ ಅದರ ಬೆಲೆ ಗೊತ್ತು. ಹಾಗಾಗಿ ವರ್ಷಕ್ಕೆ ಐದಾರು ಸಲ ಮೇಳಕ್ಕೋ, ಅಂಗಡಿಯವರನ್ನು ಕಾಣುವುದಕ್ಕೋ ಯಾರಾದರೊಬ್ಬರು ಹೊರಡಲೇಬೇಕು. ಹೆಚ್ಚಾಗಿ ಹೊರಡುವವಳು ನಾನೇ.

ಕೆಲಸಕ್ಕಾಗಿ ಊರೂರು ತಿರುಗುವುದು ನಮ್ಮ ಕಡೆ ಹೊಸತೇನಲ್ಲ. ಹಿಂದೆ ಯಕ್ಷಗಾನ ಮೇಳದ ಕಲಾವಿದರು ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಟರೆ ಗೆಜ್ಜೆ ಬಿಚ್ಚುತ್ತಿದ್ದದ್ದು ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ವಾರಕ್ಕೆ. ಅಷ್ಟು ತಿಂಗಳು ಮನೆ, ಮಕ್ಕಳು, ದನಕರು ಎಲ್ಲವನ್ನೂ ಹೆಂಗಸರೇ ನೋಡಿಕೊಂಡರು. “ನೀವು ಹೋದರೆ ನಮ್ಮ ಗತಿ ಎಂತ?” ಅಂತ ಅವರು ಗಂಡನನ್ನು ತಡೆದು ನಿಲ್ಲಿಸಲಿಲ್ಲ. ಗಂಡಸು ಹೋದರೆ ದುಡಿಮೆ, ಹೆಂಗಸು ಹೋದರೆ ಮನೆ ಬಿಟ್ಟು ಹೋದದ್ದು! ಈ ಲೆಕ್ಕ ಎಲ್ಲಿಂದ ಬಂತು?

ಲೆಕ್ಕ ಹಾಕಿದವರು ಹೊರಗಿನವರು ಮಾತ್ರ ಅಲ್ಲ, ನಾನೂ ಸೇರಿದ್ದೆ ಅಂತ ನನಗೆ ಗೊತ್ತಾಗಲು ಎರಡು ಪ್ರಯಾಣ ಬೇಕಾಯಿತು.

ಹಾಸನದಿಂದ ವಾಪಸು

ಮೊದಲನೆಯದು 2017ರಲ್ಲಿ. ರಾತ್ರಿ ಬಸ್ಸು ಹಾಸನದಲ್ಲಿ ನಿಂತಿತ್ತು. ಚಾ ಕುಡಿಯಲು ಇಳಿದಾಗ ಫೋನು ಬಂತು. ಮಗಳಿಗೆ ಜ್ವರ. ಆಗ ಅವಳಿಗೆ ಒಂಬತ್ತು ವರ್ಷ. “ಜ್ವರದ ಸಿರಪ್ ಎಲ್ಲಿ ಇಟ್ಟಿದ್ದಿ? ಎಷ್ಟು ಕೊಡುವುದು? ಡಾಕ್ಟ್ರ ನಂಬ್ರ ಯಾವುದು?” ಇವರು ಗಾಬರಿಯಲ್ಲಿ ಕೇಳುತ್ತಿದ್ದಾರೆ, ಹಿಂದಿನಿಂದ ಅತ್ತೆಯ ಸ್ವರ, ಮಗಳ ಅಳು. ನನಗೆ ಕೈಕಾಲೇ ಆಡಲಿಲ್ಲ. ಪೆಟ್ಟಿಗೆ ಇಳಿಸಿಕೊಂಡು ಎದುರಿನ ಬಸ್ಸು ಹತ್ತಿ ಘಾಟಿ ಇಳಿದು ಬಂದುಬಿಟ್ಟೆ.

ಬೆಳಿಗ್ಗೆ ಮನೆ ಮೆಟ್ಟಿಲು ಹತ್ತಿದಾಗ ಜ್ವರ ಇಳಿದಿತ್ತು. ಮಗಳು ಗಂಜಿಗೆ ಉಪ್ಪಿನಕಾಯಿ ನೆಂಚಿಕೊಂಡು ಉಣ್ಣುತ್ತಿದ್ದಳು. ನನಗಾಗಿ ಕಾದಿದ್ದ ಬೆಂಗಳೂರಿನ ಅಂಗಡಿಯವರು ಬೇರೆಯವರಿಂದ ಮಾಲು ತೆಗೆದುಕೊಂಡರು. ಅವರನ್ನು ದೂರುವ ಹಾಗಿಲ್ಲ. ಮಾತು ಕೊಟ್ಟು ಹೋಗದವಳು ನಾನು. ಆ ವರ್ಷದ ದೊಡ್ಡ ಆರ್ಡರು ಅದು. ನನ್ನ ಜೊತೆ ಬಿಸಿಲಲ್ಲಿ ಕೂತು ಹಪ್ಪಳ ಒತ್ತಿದ ಇಬ್ಬರಿಗೆ ಮುಖ ತೋರಿಸಲು ನಾಚಿಕೆಯಾಯಿತು.

ನಾಲ್ಕು ದಿನ ಕಳೆದ ಮೇಲೆ ಯೋಚಿಸಿದೆ. ಎರಡು ದಿನದ ಸಾಂಬಾರು ಮಾಡಿಟ್ಟು ಹೋಗಿದ್ದೆ, ಸಿರಪ್ ಎಲ್ಲಿದೆ ಅಂತ ಹೇಳಿ ಹೋಗಿರಲಿಲ್ಲ. ಮನೆಯ ಪ್ರತಿಯೊಂದು ವಿಷಯವೂ ನನ್ನ ತಲೆಯೊಳಗೆ, ಬೇರೆ ಎಲ್ಲೂ ಇಲ್ಲ. ಅದನ್ನೇ ಹೆಮ್ಮೆ ಅಂದುಕೊಂಡಿದ್ದೆ.

ದಾರಿ ಮುಚ್ಚಿದಾಗ

ಎರಡನೆಯದು 2018ರ ಆಗಸ್ಟ್. ಎರಡು ದಿನದ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದೆ. ಆ ಮಳೆ ಯಾರು ಮರೆತಾರು? ಕೊಡಗಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು, ಎಷ್ಟೋ ಮನೆಗಳು ಮಣ್ಣಾದವು. ಸಂಪಾಜೆ ಘಾಟಿ ಮುಚ್ಚಿತು, ಶಿರಾಡಿ ಮುಚ್ಚಿತು. ಸಕಲೇಶಪುರದಿಂದ ಇಳಿಯುವ ರೈಲು ಹಳಿಯ ಮೇಲೂ ಮಣ್ಣು. ನಾನು ಅಣ್ಣನ ಮನೆಯಲ್ಲಿ ಸಿಕ್ಕಿಬಿದ್ದೆ. ಈ ಸಲ ವಾಪಸು ಓಡೋಣ ಅಂದರೂ ದಾರಿಯೇ ಇಲ್ಲ.

ಒಂದು ವಾರ ಕಳೆದು ಸುತ್ತಿ ಬಳಸಿ ಊರು ಮುಟ್ಟಿದೆ. ಮನೆ ಹೇಗಿತ್ತು ಗೊತ್ತಾ? ಹಾಗೆಯೇ ಇತ್ತು! ಮಗಳು ತಾನೇ ಜಡೆ ಹಾಕಲು ಕಲಿತಿದ್ದಳು, ಸ್ವಲ್ಪ ಸೊಟ್ಟ. ಇವರಿಗೆ ಸಾರು ಮಾಡಲು ಬಂದಿತ್ತು, ಸ್ವಲ್ಪ ಉಪ್ಪು ಜಾಸ್ತಿ. ಅತ್ತೆಯಂತೂ ಫೋನಿನಲ್ಲಿ ಮೂರು ಆರ್ಡರು ತೆಗೆದುಕೊಂಡು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದರು. “ನೀನಿಲ್ಲದೆ ಆಗುವುದಿಲ್ಲ ಅಂತ ನಿನಗೆ ಹೇಳಿದ್ದು ಯಾರು ಮಗಳೇ? ನೀನು ಬೇಕು. ಆದರೆ ಉಪ್ಪಿನ ಡಬ್ಬಿ ಎಲ್ಲಿ ಅಂತ ಹೇಳಲಿಕ್ಕೆ ಬೇಡ” ಅಂದರು.

ನಿಜ ಹೇಳಲೇ? ಒಳಗೊಳಗೇ ಸ್ವಲ್ಪ ಬೇಸರವಾಯಿತು. ಆಮೇಲೆ ಹೆಗಲ ಮೇಲಿನ ಹೊರೆ ಇಳಿದಂತೆ ಆಯಿತು. ಅಂದಿನಿಂದ ನಾನು ಅಡುಗೆ ಮಾಡಿಟ್ಟು ಹೋಗುವುದಿಲ್ಲ, ಮನೆಯ ತಿಳಿವಳಿಕೆ ಒಪ್ಪಿಸಿ ಹೋಗುತ್ತೇನೆ. ಹೇಗೆ ಅಂತ ಕೇಳುತ್ತೀರಾ?

ಹೊರಡುವ ಮೊದಲು

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಡಾಕ್ಟರ ನಂಬ್ರ, ಮಗುವಿನ ಹಳೆಯ ಚೀಟಿಗಳ ಫೈಲು ಎಲ್ಲಿದೆ, ಜ್ವರಕ್ಕೆ ಡಾಕ್ಟರು ಹೇಳಿದ ಔಷಧದ ಪ್ರಮಾಣ ಎಷ್ಟು, ಅತ್ತೆ-ಮಾವನ ಮಾತ್ರೆ ಯಾವ ಹೊತ್ತಿಗೆ ಯಾವುದು, ಗ್ಯಾಸಿನ ಬುಕಿಂಗ್ ನಂಬ್ರ, ಹಾಲಿನವರ ಲೆಕ್ಕ, ಶಾಲೆಯ ಫೋನು, ಪಕ್ಕದ ಮನೆಯವರ ಫೋನು. ಎಲ್ಲ ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ. ಮೊಬೈಲಿನಲ್ಲಿ ಇದ್ದರೆ ಸಾಲದು. ಆ ಮೊಬೈಲು ನಿಮ್ಮ ಜೊತೆಗೇ ಹೊರಟು ಹೋಗುತ್ತದಲ್ಲ!

ಮನೆಯವರು ಕೆಲಸಕ್ಕಾಗಿ ಹೊರಗೆ ಹೋಗುವವರಾದರೆ ಅವರಿಂದಲೂ ಇಂಥದ್ದೇ ಒಂದು ಹಾಳೆ ಬರೆಸಿಕೊಳ್ಳಿ. ಪಾಸ್‌ಬುಕ್ ಎಲ್ಲಿದೆ, ವಿಮೆಯ ಕಂತು ಯಾವಾಗ, ನಾಮಿನಿ ಯಾರು, ಸಾಲ ಎಲ್ಲಿ ಎಷ್ಟು ಉಂಟು, ಇದೆಲ್ಲ ಹೆಂಡತಿಗೆ ಗೊತ್ತಿರಬೇಕು. ಕೇಳಿದರೆ ಅಪಶಕುನ ಅಂತ ಸುಮ್ಮನಿರಬೇಡಿ.

ಮಕ್ಕಳಿಗೆ ಮೊದಲೇ ಹೇಳಿ. ನಿದ್ದೆಯಲ್ಲಿರುವಾಗ ಕದ್ದು ಹೊರಡುವುದು ಬೇಡ. “ಬುಧವಾರ ರಾತ್ರಿ ಹೋಗುತ್ತೇನೆ, ಶನಿವಾರ ಬೆಳಿಗ್ಗೆ ಬರುತ್ತೇನೆ” ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತೋರಿಸಿದರೆ ಮಗು ದಿನ ಎಣಿಸುತ್ತದೆ, ಹೆದರುವುದಿಲ್ಲ.

ಅತ್ತೆ, ಅಮ್ಮ ಯಾರೂ ಜೊತೆಗಿಲ್ಲದ ಮನೆಗಳೂ ಉಂಟು. ಅಂಥವರು ನೆರೆಮನೆಯ ಗೆಳತಿಯೊಡನೆ ಸರದಿ ಮಾಡಿಕೊಳ್ಳಬಹುದು. ಅವಳು ಹೋದಾಗ ಅವಳ ಮಕ್ಕಳಿಗೆ ನಮ್ಮಲ್ಲಿ ಊಟ, ನಾವು ಹೋದಾಗ ನಮ್ಮ ಮಕ್ಕಳಿಗೆ ಅವಳಲ್ಲಿ. ನಮ್ಮ ಮೂವರಲ್ಲಿ ಒಬ್ಬಳು ಹೀಗೆಯೇ ಮಾಡುತ್ತಾಳೆ.

ಸಾಂಬಾರಿನ ಬದಲು ನಾನೀಗ ಬಿಟ್ಟು ಹೋಗುವುದು ಸಾರಿನ ಹುಡಿ. ಒಂದು ಲೋಟ ಕೊತ್ತಂಬರಿ, ಎರಡು ಚಮಚ ಜೀರಿಗೆ, ಅರ್ಧ ಚಮಚ ಮೆಂತೆ, ಹದಿನೈದು ಬ್ಯಾಡಗಿ ಮೆಣಸು, ಒಂದು ಹಿಡಿ ಬೇವಿನಸೊಪ್ಪು (ಘಟ್ಟದ ಮೇಲಿನವರ ಕರಿಬೇವು), ಕಡಲೆಕಾಳಿನಷ್ಟು ಇಂಗು. ಒಂದೊಂದನ್ನೇ ಸ್ವಲ್ಪ ತೆಂಗಿನೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಹುಡಿ ಮಾಡಿ, ಒಣಗಿದ ಬಾಟಲಿಗೆ ತುಂಬಿಸಿ. ಎರಡು ಟೊಮೆಟೊ, ಚೂರು ಹುಣಸೆಹುಳಿ, ಬೆಲ್ಲ, ಉಪ್ಪು ಹಾಕಿ ಕುದಿಸಿ, ಎರಡು ಚಮಚ ಈ ಹುಡಿ ಹಾಕಿ ಒಗ್ಗರಣೆ ಕೊಟ್ಟರೆ ನಾಲ್ಕು ಜನರಿಗೆ ಸಾರು. ಹೊರಡುವ ಹಿಂದಿನ ವಾರ ಮನೆಯವರ ಕೈಯಲ್ಲೇ ಒಮ್ಮೆ ಮಾಡಿಸಿ ನೋಡಿ. ಚೆನ್ನಾಗಿಲ್ಲದಿದ್ದರೂ ಚೆನ್ನಾಗಿದೆ ಅನ್ನಿ!

ದಾರಿಯಲ್ಲಿ, ಹೋದಲ್ಲಿ

2023ರ ಜೂನ್ 11ರಿಂದ ರಾಜ್ಯ ಸರಕಾರದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲ. ಗುರುತಿನ ಚೀಟಿ ಇರಲಿ. ರಾಜಹಂಸ, ಸ್ಲೀಪರ್, ಏಸಿ ಬಸ್ಸುಗಳಿಗೆ, ಖಾಸಗಿ ಬಸ್ಸುಗಳಿಗೆ ಇದು ಸಲ್ಲದು. ರಾತ್ರಿ ಇಡೀ ಕೂತು ಹೋಗಿ ಬೆಳಿಗ್ಗೆ ಗಿರಾಕಿಯ ಮುಂದೆ ತೂಕಡಿಸುವ ಬದಲು ಕಬಕ ಪುತ್ತೂರು ಸ್ಟೇಷನ್ನಿನಿಂದ ರೈಲಿನಲ್ಲಿ ಮಲಗಿ ಹೋಗುವುದು ನನಗೆ ಒಗ್ಗಿದೆ. ರೈಲಿನಲ್ಲಿ ತೊಂದರೆಯಾದರೆ 139, ಬೇರೆಲ್ಲಾದರೂ 112. ಈ ಎರಡು ನಂಬ್ರ ಬಾಯಿಪಾಠ ಇರಲಿ. ಎಲ್ಲಿ ಉಳಿಯುತ್ತೀರಿ ಎಂಬುದು ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಲಿ.

ಖರ್ಚಿನ ಲೆಕ್ಕ ಹೊರಡುವ ಮೊದಲೇ ಹಾಕಿ. ಹೋಗಿ ಬರುವುದಕ್ಕೆ, ಊಟಕ್ಕೆ, ಉಳಿಯುವುದಕ್ಕೆ 2,400 ರೂಪಾಯಿ ಆಗುತ್ತದೆ, ಒಂದು ಕಟ್ಟು ಹಪ್ಪಳದಲ್ಲಿ 30 ರೂಪಾಯಿ ಉಳಿಯುತ್ತದೆ ಅಂತ ಇಟ್ಟುಕೊಳ್ಳಿ. 80 ಕಟ್ಟು ಮಾರಿದ ಮೇಲೆಯೇ ಲಾಭದ ಮಾತು. ಅಷ್ಟು ಮಾರಲಾಗದು ಅಂತ ಕಂಡರೆ ಪಾರ್ಸೆಲ್ ಕಳಿಸಿ, ನೀವು ಮನೆಯಲ್ಲಿರಿ. ಹೋಗುವುದಾದರೆ ಒಂದೇ ಕೆಲಸಕ್ಕೆ ಹೋಗಬೇಡಿ. ಮೇಳದ ಜೊತೆಗೆ ಎರಡು ಅಂಗಡಿ, ಒಬ್ಬ ಹಳೆಯ ಗಿರಾಕಿ, ಪ್ಯಾಕೆಟ್ ಕವರು ಸಗಟಿಗೆ ಸಿಗುವ ಜಾಗ, ಹೀಗೆ ಪಟ್ಟಿ ಮಾಡಿಕೊಳ್ಳಿ. ಬೆಂಗಳೂರಿನ ಜಿ.ಕೆ.ವಿ.ಕೆ.ಯ ಕೃಷಿ ಮೇಳದಂಥ ಕಡೆ ಬೇರೆ ಜಿಲ್ಲೆಯ ಹೆಂಗಸರು ಹೇಗೆ ಪ್ಯಾಕು ಮಾಡುತ್ತಾರೆ, ಎಷ್ಟಕ್ಕೆ ಮಾರುತ್ತಾರೆ ಅಂತ ನೋಡಿದ್ದೇ ನನಗೆ ದೊಡ್ಡ ಪಾಠ. ತಿನ್ನುವ ಪದಾರ್ಥ ಮಾರುವವರು ಎಫ್.ಎಸ್.ಎಸ್.ಎ.ಐ. ನೋಂದಣಿಯ ಪ್ರತಿ ಕೈಯಲ್ಲಿಟ್ಟುಕೊಳ್ಳಬೇಕು.

ಹಪ್ಪಳವೆಂದರೆ ಸಣ್ಣ ವ್ಯಾಪಾರ ಅಂತ ಮೂಗು ಮುರಿಯುವವರಿಗೆ ನಾನು ಲಿಜ್ಜತ್ ಕತೆ ಹೇಳುತ್ತೇನೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ಮಾಡಿ ಮಾಳಿಗೆಯ ಮೇಲೆ ಹಪ್ಪಳ ಒತ್ತಲು ಶುರು ಮಾಡಿದರು. ಇವತ್ತು ದೇಶದ ಯಾವ ಪೇಟೆಯಲ್ಲಿ ಆ ಹಪ್ಪಳ ಇಲ್ಲ? ನಮ್ಮ ಮಂಗಳೂರಿನಲ್ಲೇ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ದೇಶದ ಉದ್ದಗಲ ತಿರುಗಿ ಕೈಕಸುಬಿನವರಿಗೆ ಮಾರುಕಟ್ಟೆ ಒದಗಿಸಲು ದುಡಿದರು. ಮನೆಯೊಳಗೆ ಕೂತು ಆಗುವ ಕೆಲಸವಾಗಿರಲಿಲ್ಲ ಅದು.

ಇನ್ನೊಂದು ಮಾತು. ಕೆಲಸ ಮುಗಿದ ಮೇಲೆ ಒಂದು ಗಂಟೆ ನಿಮಗಾಗಿ ಇಟ್ಟುಕೊಳ್ಳಿ. ಲಾಲ್‌ಬಾಗಿನಲ್ಲಿ ಸುಮ್ಮನೆ ಒಂದು ಸುತ್ತು ನಡೆದರೂ ಸಾಕು. ಯಾರೂ “ಅಮ್ಮಾ” ಅಂತ ಕರೆಯದ ಒಂದು ಗಂಟೆ. ಅದಕ್ಕಾಗಿ ನಾಚಿಕೊಳ್ಳಬೇಡಿ. ರಜೆಯಲ್ಲಿ ಸಾಧ್ಯವಾದರೆ ಮಗುವನ್ನೂ ಕರೆದುಕೊಂಡು ಹೋಗಿ. ಹಗಲು ರೈಲು ಸಿಕ್ಕಿದರೆ ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗೆ 57 ಸುರಂಗ ಎಣಿಸಬಹುದು. ಅಮ್ಮ ಹೊರಗೆ ಹೋಗಿ ಏನು ಮಾಡುತ್ತಾಳೆ ಅಂತ ಮಗಳು ಒಮ್ಮೆ ಕಣ್ಣಾರೆ ನೋಡಿದರೆ ಮತ್ತೆ ಅವಳೇ ಪೆಟ್ಟಿಗೆ ಕಟ್ಟಿಕೊಡುತ್ತಾಳೆ.

ಮರಳಿ ಬಂದ ಮೇಲೆ

ಬಂದ ಕೂಡಲೆ ಕಸ ಕಾಣುತ್ತದೆ, ತೊಳೆಯದ ಪಾತ್ರೆ ಕಾಣುತ್ತದೆ. ಬಾಯಿ ಬಿಡಬೇಡಿ! “ಮೂರು ದಿನ ಹೋದರೆ ಮನೆ ಹೀಗಾ?” ಅಂದುಬಿಟ್ಟರೆ ಮುಂದಿನ ಸಲ ಯಾರೂ ಮನಸ್ಸಿಟ್ಟು ಕೆಲಸ ಮಾಡುವುದಿಲ್ಲ. ಮೊದಲು ಕೂತು ಅವರ ಕತೆ ಕೇಳಿ. ಮಕ್ಕಳಿಗೆ ದುಬಾರಿ ಆಟಿಕೆ ತಂದು ತಪ್ಪು ತೀರಿಸುವ ಅಭ್ಯಾಸವೂ ಬೇಡ. ಅದು ತಪ್ಪೇ ಅಲ್ಲವಲ್ಲ, ತೀರಿಸುವುದು ಏನನ್ನು? ಆ ದಿನ ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡರೆ ಸಾಕು.

ಎಲ್ಲ ಪ್ರಯಾಣಕ್ಕೂ ಹೋಗಲೇಬೇಕು ಎಂಬ ಹಠ ನನಗಿಲ್ಲ. ಮಾವನಿಗೆ ಆಸ್ಪತ್ರೆಯಾದ ವರ್ಷ ನಾನು ಎಲ್ಲೂ ಹೋಗಲಿಲ್ಲ, ಬೇರೆ ಇಬ್ಬರು ಹೋದರು. ಹೋಗುವುದೋ ಬಿಡುವುದೋ ಅಂತ ನಿರ್ಧರಿಸುವಾಗ ಮನೆಯ ನಿಜವಾದ ಅಗತ್ಯ ನೋಡಿ, ಅಳುಕಿನ ಮಾತು ಕೇಳಬೇಡಿ.

ಜ್ವರದಲ್ಲಿ ಅತ್ತ ಆ ಮಗಳು ಈಗ ಇಲ್ಲೇ ದರ್ಬೆಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ಹೋದ ತಿಂಗಳು ನಾನು ಮೈಸೂರಿಗೆ ಹೊರಟಾಗ ಗೋಡೆಯ ಹಳೆಯ ಹಾಳೆ ಕಿತ್ತು, ಬದಲಾದ ನಂಬ್ರಗಳನ್ನೆಲ್ಲ ತಿದ್ದಿ ತಾನೇ ಹೊಸದು ಬರೆದು ಅಂಟಿಸಿದಳು. ಇವರು ಬಾಗಿಲಲ್ಲಿ ನಿಂತು, “ಸಾರಿನ ಹುಡಿ ಮುಗಿಯಿತು ಮಾರಾಯ್ತಿ, ಮಾಡಿಟ್ಟು ಹೋಗು” ಅಂದರು. “ಅಳತೆ ಹಾಳೆಯಲ್ಲಿ ಉಂಟು” ಅಂದೆ.

ಗೆಳತಿಯರೇ, ನಿಮಗೆ ಸದ್ಯಕ್ಕೆ ಎಲ್ಲಿಗೂ ಹೋಗಲಿಕ್ಕೆ ಇಲ್ಲದಿರಬಹುದು. ಆದರೂ ಆ ಹಾಳೆಯೊಂದನ್ನು ಇವತ್ತೇ ಬರೆದು ಗೋಡೆಗೆ ಅಂಟಿಸಿ. ಹೊರಡುವ ದಿನ ಬಂದಾಗ ಅರ್ಧ ಕೆಲಸ ಆಗಿರುತ್ತದೆ.