ಚುರುಕು ಹೆಚ್ಚಿದಷ್ಟೂ ಹರಳು ಚಿಕ್ಕದು

‘ಟೀವಿಯೊಳಗಿನ ಕ್ವಾಂಟಮ್ ಡಾಟ್‌ಗಳ ಬಣ್ಣವನ್ನು ಅವುಗಳ ಗಾತ್ರವೇ ನಿರ್ಧರಿಸುತ್ತದೆ ಎಂದು ಓದಿದೆ. ಹಾಗಾದರೆ ದೊಡ್ಡ ಹರಳು ಬೇಕಿದ್ದರೆ ಚುರುಕಾಗಿ ವರ್ತಿಸುವ ರಾಸಾಯನಿಕ ಹಾಕಿದರೆ ಸಾಕಲ್ಲವೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಇಲ್ಲ ಸ್ವಾಮಿ, ಆಗುವುದು ಪೂರಾ ಉಲ್ಟಾ. ಈ ಇಡೀ ವಿಷಯದಲ್ಲಿ ನನಗೆ ಭಾರಿ ಖುಷಿ ಕೊಡುವುದೂ ಅದೇ.

ಕ್ವಾಂಟಮ್ ಡಾಟ್ ಎಂದರೆ ಕೆಲವೇ ನ್ಯಾನೋಮೀಟರ್ ಅಗಲದ ಅರೆವಾಹಕ ಹರಳು. ಕ್ಯಾಡ್ಮಿಯಂ ಸೆಲೆನೈಡ್ ಹರಳು 6 ನ್ಯಾನೋಮೀಟರ್ ಆಸುಪಾಸಿನಲ್ಲಿದ್ದರೆ ಕೆಂಪಗೆ ಹೊಳೆಯುತ್ತದೆ, 2ರ ಹತ್ತಿರ ಬಂದರೆ ನೀಲಿಯತ್ತ ಸರಿಯುತ್ತದೆ. ಯಾಕೆ ಎಂಬುದು ಭೌತವಿಜ್ಞಾನದ ಕಥೆ, ಇವತ್ತು ಬೇಡ. (‘ಕ್ವಾಂಟಮ್ ಪೆಂಡೆಂಟ್’ ಹಾಕಿಕೊಂಡರೆ ಮಂಡಿನೋವು ಮಾಯ ಎಂದು ಮಾರುವವರ ಕ್ವಾಂಟಮ್ಮಿಗೂ ಇದಕ್ಕೂ ಯಾವ ನಂಟೂ ಇಲ್ಲ. ದಯವಿಟ್ಟು ದುಡ್ಡು ಕಳೆದುಕೊಳ್ಳಬೇಡಿ.)

ಇವನ್ನು ಒಂದೇ ಅಳತೆಯಲ್ಲಿ ಮಾಡುವ ಹದ ಸಿಕ್ಕಿದ್ದು 1993ರಲ್ಲಿ, ಎಂಐಟಿಯ ಮೌಂಗಿ ಬವೆಂಡಿ ತಂಡಕ್ಕೆ. 300 ಡಿಗ್ರಿಯಷ್ಟು ಕಾದ ದ್ರವಕ್ಕೆ ಕ್ಯಾಡ್ಮಿಯಂ, ಸೆಲೆನಿಯಂ ಬೆರೆತ ದ್ರಾವಣವನ್ನು ಸಿರಿಂಜಿನಿಂದ ಒಮ್ಮೆಲೇ ಹಾಯಿಸುವುದು. ಥಟ್ಟನೆ ಹರಳಿನ ಬೀಜಗಳು ಹುಟ್ಟುತ್ತವೆ. ಅಷ್ಟರಲ್ಲಿ ದ್ರವ ತಣಿದು ಹೊಸ ಬೀಜ ಹುಟ್ಟುವುದು ನಿಲ್ಲುತ್ತದೆ. ಹುಟ್ಟಿದವನ್ನು ಮತ್ತೆ ಕಾಯಿಸಿ ಬೆಳೆಸುವುದು. ಹರಳು ಬೆಳೆದಂತೆ ಫ್ಲಾಸ್ಕಿನ ಬಣ್ಣ ಹಳದಿ, ಕಿತ್ತಳೆ, ಕೆಂಪು ಎಂದು ಸಾಗುತ್ತದೆ. ಬೇಕಾದ ಬಣ್ಣ ಬಂದಾಗ ಕಾವು ನಿಲ್ಲಿಸಬೇಕು. ಬವೆಂಡಿಯವರಿಗೆ 2023ರ ರಸಾಯನ ನೊಬೆಲ್ ಬಂತು, ಲೂಯಿ ಬ್ರಸ್ ಮತ್ತು ಅಲೆಕ್ಸಿ ಎಕಿಮೋವ್ ಜೊತೆ. ಆದರೆ ನಡುವೆಯೇ ನಿಲ್ಲಿಸಿದರೆ ಹಾಕಿದ ಸಾಮಗ್ರಿಯಲ್ಲಿ ಒಂದಷ್ಟು ದಂಡ. ಈ ಸಲದ ಗಾತ್ರ ಮುಂದಿನ ಸಲಕ್ಕೆ ಸಿಗುವ ಖಾತ್ರಿಯೂ ಇಲ್ಲ.

ಈಗ ಓದುಗರ ಪ್ರಶ್ನೆಗೆ ಬರೋಣ. ಬಾಟಲಿಯ ರಾಸಾಯನಿಕ ಇದ್ದ ಹಾಗೇ ಹೋಗಿ ಹರಳಾಗುವುದಿಲ್ಲ. ಆ ಮೂಲದ್ರವ್ಯ ಮೊದಲು ಒಡೆದು, ಹರಳಿಗೆ ಅಂಟಬಲ್ಲ ಬಿಡಿ ಘಟಕಗಳನ್ನು ಕೊಡಬೇಕು. ಈ ಘಟಕಗಳು ದ್ರವದಲ್ಲಿ ಮಿತಿಮೀರಿ ಕಿಕ್ಕಿರಿದಾಗಲೇ ಬೀಜ ಹುಟ್ಟುವುದು. ಮೂಲದ್ರವ್ಯ ಮಂದದ್ದಾದರೆ, ಮೊದಲು ಹುಟ್ಟಿದ ಸ್ವಲ್ಪವೇ ಬೀಜಗಳು ಬಂದಷ್ಟು ಘಟಕಗಳನ್ನೂ ನುಂಗಿ ದಟ್ಟಣೆ ಇಳಿಸಿಬಿಡುತ್ತವೆ, ಹೊಸದಕ್ಕೆ ಜಾಗವೇ ಇಲ್ಲ. ಚುರುಕಿನದಾದರೆ ನುಂಗುವ ವೇಗಕ್ಕಿಂತ ಸುರಿಯುವ ವೇಗ ಹೆಚ್ಚು, ಬೀಜದ ಹಿಂದೆ ಬೀಜ ಹುಟ್ಟುತ್ತಲೇ ಹೋಗುತ್ತದೆ. ಅಷ್ಟೇ ಹಿಟ್ಟಿನಲ್ಲಿ ಹೆಚ್ಚು ಉಂಡೆ ಕಟ್ಟಿದರೆ ಉಂಡೆ ಚಿಕ್ಕದಾಗಲೇಬೇಕಲ್ಲ!

ಹಾಗಿದ್ದರೆ ಆ ಚುರುಕನ್ನು ಹಿಡಿತಕ್ಕೆ ತರುವುದು ಹೇಗೆ? ಬಹುಕಾಲ ಅದು ಯಾರ ಕೈಯಲ್ಲೂ ಇರಲಿಲ್ಲ. ಸೆಲೆನಿಯಮ್ಮನ್ನು ಕರಗಿಸಲು ಬಳಸುತ್ತಿದ್ದುದು ಟ್ರೈಆಕ್ಟೈಲ್‌ಫಾಸ್ಫೀನ್, ಪ್ರಯೋಗಾಲಯದವರ ಬಾಯಲ್ಲಿ ‘ಟಾಪ್’. ಒಂದು ಬಾಟಲಿಯಲ್ಲಿ ಹರಳು ಚೆಂದ, ಇನ್ನೊಂದರಲ್ಲಿ ಎಡವಟ್ಟು. 2010ರಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದ ಟಾಡ್ ಕ್ರಾಸ್ ತಂಡ ಇದರ ಬೆನ್ನು ಹತ್ತಿತು. ಸೀಸದ ಸೆಲೆನೈಡ್ ಹರಳು ಮಾಡಲು ಕಟ್ಟುನಿಟ್ಟಾಗಿ ಶುದ್ಧೀಕರಿಸಿದ ಟಾಪ್ ಬಳಸಿದರೆ ಸೆಲೆನಿಯಮ್ಮಿಗೂ ಸೀಸದ ಲವಣಕ್ಕೂ ವರ್ತನೆಯೇ ಆಗದು! ಅಲ್ಲಿಯವರೆಗೆ ಕೆಲಸ ನಡೆಸಿದ್ದು ಟಾಪ್‌ನೊಳಗಿದ್ದ ಕಲ್ಮಶ. ಫಾಸ್ಫರಸ್ಸಿಗೆ ಮೂರು ಕಾರ್ಬನ್ ಸರಪಳಿ ಇರಬೇಕಾದಲ್ಲಿ ಎರಡು ಸರಪಳಿ, ಒಂದು ಹೈಡ್ರೋಜನ್ ಇರುವ ಅಣು ಅದು. ಪ್ರತಿ ಬಾಟಲಿಯಲ್ಲೂ ಅದರ ಪ್ರಮಾಣ ಬೇರೆ. ಪ್ರಯೋಗ ಕೆಟ್ಟರೆ ಕೈಗುಣ, ಗಳಿಗೆ ಎಂದು ನಗೆಯಾಡುವವರನ್ನು ಪ್ರಯೋಗಾಲಯಗಳಲ್ಲೂ ನೋಡಿದ್ದೇನೆ. ಇಲ್ಲಿ ಗಳಿಗೆಯನ್ನು ಅಳೆದು ಹಾಕಬಹುದಿತ್ತು.

2015ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಜೊನಾಥನ್ ಓವನ್ ತಂಡ ಸೀಸದ ಸಲ್ಫೈಡ್ ಹರಳಿಗೆ ಬೇಕಾದ ಗಂಧಕವನ್ನು ಥಯೋಯೂರಿಯಾ ಎಂಬ ಅಣುಗಳಿಂದ ಕೊಟ್ಟು ನೋಡಿತು. ಇವನ್ನು ಮಾಡುವುದು ಸುಲಭ, ಎರಡು ಬದಿಯ ಬಾಲಗಳನ್ನು ಬೇಕಾದಂತೆ ಬದಲಿಸಬಹುದು. ಬಾಲ ಬದಲಾದಂತೆ ಗಂಧಕ ಬಿಟ್ಟುಕೊಡುವ ವೇಗ ಲಕ್ಷ ಪಟ್ಟಿಗೂ ಮೀರಿ ಹೆಚ್ಚುಕಡಿಮೆಯಾಯಿತು. ಇನ್ನು ನಡುವೆ ಕಾವು ನಿಲ್ಲಿಸುವ ಹಂಗಿಲ್ಲ: ಬೇಕಾದ ಗಾತ್ರಕ್ಕೆ ತಕ್ಕ ಬಾಲ ಆರಿಸಿ, ಸಾಮಗ್ರಿ ಪೂರ್ತಿ ಮುಗಿಯುವವರೆಗೆ ಕಾಯಿಸಿದರಾಯಿತು.

ಇಷ್ಟಾದರೂ ನಮ್ಮ ಓದುಗರ ಟೀವಿಗೆ ಈ ಸೂತ್ರ ನೇರವಾಗಿ ಒಗ್ಗದು. ಸೀಸದ ಸಲ್ಫೈಡ್ ಡಾಟ್‌ಗಳ ಬೆಳಕು ಕಣ್ಣಿಗೆ ಕಾಣದ ಅವಗೆಂಪಿನಲ್ಲಿದೆ. ಕ್ಯಾಡ್ಮಿಯಂ ವಿಷ, ಯೂರೋಪಿನಲ್ಲಿ ಅದಕ್ಕೆ ನಿರ್ಬಂಧವಿದೆ. ಹಾಗಾಗಿ ಈಗ ಹಲವು ಟೀವಿಗಳಲ್ಲಿರುವುದು ಇಂಡಿಯಂ ಫಾಸ್ಫೈಡ್. ಅದು ಈ ಲೆಕ್ಕಕ್ಕೆ ಜಗ್ಗುವುದಿಲ್ಲ. ಘಟಕಗಳು ನೇರ ಹರಳಾಗುವ ಬದಲು ಮೊದಲು ಗಟ್ಟಿಯಾದ ಪುಟ್ಟ ಗುಂಪುಗಳಾಗಿ ನಿಂತುಬಿಡುತ್ತವೆ. ಅಂಥದೊಂದು ಗುಂಪಿನ ಪೂರ್ತಿ ರಚನೆ 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಬ್ರ್ಯಾಂಡಿ ಕೊಸೇರ್ಟ್ ತಂಡಕ್ಕೆ ದಕ್ಕಿತು: ಅದರಲ್ಲಿ 37 ಇಂಡಿಯಂ, 20 ಫಾಸ್ಫರಸ್ ಪರಮಾಣು. ಮೂಲದ್ರವ್ಯದ ಚುರುಕನ್ನು ಏನೇ ಬದಲಿಸಿದರೂ ನಡುವೆ ಈ ಗುಂಪು ಅಡ್ಡ ನಿಲ್ಲುವುದರಿಂದ, ಕೊನೆಯ ಹರಳಿನ ಗಾತ್ರದ ಮೇಲೆ ಆ ಚುರುಕಿನ ಪ್ರಭಾವ ಅಷ್ಟಾಗಿ ಬೀಳುವುದಿಲ್ಲ.