ಶಹಾಪುರದ ಬುದ್ಧನನ್ನು ಕೆತ್ತಿದವರು ಯಾರು?

ಪ್ರಶ್ನೆ: ಶಹಾಪುರದ ಬೆಟ್ಟದಲ್ಲಿ ಮಲಗಿದ ಬುದ್ಧನ ಚಿತ್ರವನ್ನು ಕ್ಯಾಲೆಂಡರಿನಲ್ಲಿ ನೋಡಿದೆ. ಕಣ್ಣು, ತುಟಿ ಎಲ್ಲ ಸ್ಪಷ್ಟವಾಗಿವೆ. ಇದನ್ನು ಕೆತ್ತಿದವರು ಯಾರು?
– ಓದುಗರು, ದೋರನಹಳ್ಳಿ

ಉತ್ತರ: ಯಾರೂ ಅಲ್ಲ. ಕಣ್ಣು, ತುಟಿ ಚಿತ್ರಕಾರರ ಕುಂಚದ ಕೊಡುಗೆ. ಅಲ್ಲಿರುವುದು ಮಳೆ, ಬಿಸಿಲು, ಗಾಳಿಗೆ ಸವೆದ ಗ್ರಾನೈಟ್ ಬೆಟ್ಟಸಾಲು. ದೂರದಿಂದ ಒಂದು ಕೋನದಲ್ಲಿ ನೋಡಿದಾಗ ಹಣೆ, ಮೂಗು, ಎದೆ ಒಂದೇ ಗೆರೆಯಲ್ಲಿ ಕೂಡಿಕೊಳ್ಳುತ್ತವೆ. ಹತ್ತಿರ ಹೋದರೆ ಬರೀ ಬಂಡೆಗಳು.

ಇನ್ನೊಂದು ಸುಳಿವೂ ಇದೆ. ಶಿಲ್ಪಿಗಳು ಮಹಾಪರಿನಿರ್ವಾಣದ ಬುದ್ಧನನ್ನು ಬಲಮಗ್ಗುಲಲ್ಲಿ ಮಲಗಿಸುತ್ತಾರೆ. ಅಜಂತಾದ 26ನೇ ಗುಹೆಯಲ್ಲೂ ಶ್ರೀಲಂಕಾದ ಪೊಲೊನ್ನರುವದಲ್ಲೂ ಹಾಗೆಯೇ. ನಮ್ಮ ಬೆಟ್ಟದವನು ಆಕಾಶಕ್ಕೆ ಮುಖ ಮಾಡಿ ಅಂಗಾತ ಮಲಗಿದ್ದಾನೆ!

ಉಳಿಯ ಕೆಲಸವನ್ನೇ ನೋಡಬೇಕೆಂದರೆ ಭೀಮಾ ದಂಡೆಯ ಸನ್ನತಿಗೆ ಹೋಗಿ. ಪಕ್ಕದ ಕನಗನಹಳ್ಳಿಯ ಸ್ತೂಪದ ಸುಣ್ಣಕಲ್ಲಿನ ಫಲಕಗಳಲ್ಲಿ ಬುದ್ಧನ ಜೀವನದ ಪ್ರಸಂಗಗಳಿವೆ. ಒಂದರಲ್ಲಿ ಪರಿವಾರದ ಹೆಂಗಸರ ನಡುವೆ ರಾಜ, ರಾಣಿ ನಿಂತಿದ್ದಾರೆ. ಬ್ರಾಹ್ಮೀ ಲಿಪಿಯಲ್ಲಿ ‘ರಾಯ ಅಸೋಕೋ’ ಎಂದು ಹೆಸರೂ ಇದೆ. ಅಶೋಕನನ್ನು ಹೆಸರು ಬರೆದು ತೋರಿಸಿದ ಇಂಥ ಪ್ರಾಚೀನ ಶಿಲ್ಪ ಬಹಳ ಅಪರೂಪ. ಕ್ಯಾಲೆಂಡರಿನವರು ಯಾಕೋ ಇದನ್ನು ಅಚ್ಚು ಹಾಕುವುದಿಲ್ಲ.