ಯಂತ್ರಗಳ ಪ್ರತಿನಮಸ್ಕಾರ

ಕಳೆದ ದೀಪಾವಳಿ ರಜೆಯಲ್ಲಿ ನಮ್ಮ ಕೂಟದ ಮಿಂಚಂಚೆ ಪೆಟ್ಟಿಗೆ ತುಂಬಿ ತುಳುಕಿತು. ಲೇಖನಗಳಿಂದ ಅಲ್ಲ ಮಿತ್ರರೇ, ನಮಸ್ಕಾರಗಳಿಂದ! ಕೂಟದ ಮೇಲ್ ಸರ್ವರ್ ನೋಡಿಕೊಳ್ಳುವವನು ನಾನು. ಆದ್ದರಿಂದ ತಪ್ಪೂ ನನ್ನದೇ.

ಆದದ್ದಿಷ್ಟು. ಡೊಂಬಿವಲಿಯಿಂದ ಎಲ್ಲರೂ ಊರಿಗೆ ಹೊರಟಾಗ, "ನಮಸ್ಕಾರ, ನಿಮ್ಮ ಪತ್ರ ತಲುಪಿದೆ, ರಜೆ ಮುಗಿದ ಮೇಲೆ ಉತ್ತರಿಸುತ್ತೇವೆ" ಎಂದು ತಾನಾಗಿಯೇ ಹೋಗುವ ಉತ್ತರವೊಂದನ್ನು ಇಟ್ಟೆ. ವಾಶಿಯ ಮುದ್ರಕರೊಬ್ಬರೂ ಅಂಥದ್ದನ್ನೇ ಇಟ್ಟಿದ್ದರು. ಅವರ ಪತ್ರ ಬಂತು, ನಮ್ಮ ಯಂತ್ರ ಉತ್ತರಿಸಿತು. ಆ ಉತ್ತರಕ್ಕೆ ಅವರ ಯಂತ್ರ ಉತ್ತರಿಸಿತು. ಅದಕ್ಕೆ ಮತ್ತೆ ನಮ್ಮದು! ಪ್ರತಿ ಉತ್ತರವೂ ಹಿಂದಿನದನ್ನೆಲ್ಲ ಹೊತ್ತು ತರುತ್ತಿತ್ತು. ಠಾಣೆ ಸ್ಟೇಷನ್ನಿನಲ್ಲಿ "ನೀವು ಮೊದಲು ಹತ್ತಿ", "ಇಲ್ಲ, ನೀವೇ ಹತ್ತಿ" ಎಂದು ಇಬ್ಬರು ಹಟ ಹಿಡಿದು ನಿಂತರೆ ಹಿಂದಿದ್ದವನ ಗಾಡಿಯೂ ತಪ್ಪುತ್ತದಲ್ಲ, ಹಾಗೆ ಕಲ್ಯಾಣದ ಹಿರಿಯರೊಬ್ಬರ ಲೇಖನ "ಪೆಟ್ಟಿಗೆ ತುಂಬಿದೆ" ಎಂದು ವಾಪಸ್ ಹೋಯಿತು. "ಅಲ್ಲಪ್ಪಾ, ಚೆನ್ನಾಗಿಲ್ಲದಿದ್ದರೆ ಬಾಯಿಬಿಟ್ಟು ಹೇಳಬಾರದಿತ್ತೇ?" ಎಂದರು. ನಾಚಿಕೆಯಾಯಿತು.

ಸುತ್ತುವ ಪತ್ರವನ್ನು ಸರ್ವರ್ ತಡೆಯುವುದಿಲ್ಲವೇ ಎಂದು ಕೇಳಬಹುದು. ತಡೆಯುತ್ತದೆ. ಪತ್ರ ದಾಟಿದ ಪ್ರತಿ ಸರ್ವರೂ ಅದರ ಮೇಲೆ "ರಿಸೀವ್ಡ್" ಎಂಬ ಮುದ್ರೆ ಒತ್ತುತ್ತದೆ. ಮುದ್ರೆಗಳು ಮಿತಿಮೀರಿದರೆ (ಪೋಸ್ಟ್‌ಫಿಕ್ಸ್‌ನಲ್ಲಿ ಸಾಮಾನ್ಯವಾಗಿ 50) ಪತ್ರ ನಿಲ್ಲುತ್ತದೆ. ಆದರೆ ಇಲ್ಲಿ ಪ್ರತಿ ಉತ್ತರವೂ ಹೊಸ ಪತ್ರ, ಮುದ್ರೆಯ ಲೆಕ್ಕ ಮತ್ತೆ ಒಂದರಿಂದಲೇ ಶುರು. ಆದ್ದರಿಂದ ಉತ್ತರಿಸುವ ಯಂತ್ರಕ್ಕೇ ಬುದ್ಧಿ ಕಲಿಸಬೇಕು.

ಅದರ ನಿಯಮಗಳು 2004ರಲ್ಲಿ ಬಂದ ಆರ್‌ಎಫ್‌ಸಿ 3834ರಲ್ಲಿವೆ. ಮೊದಲನೆಯದು, ನಮ್ಮ ಉತ್ತರದ ತಲೆಬರಹದಲ್ಲಿ "ಆಟೋ-ಸಬ್ಮಿಟೆಡ್: ಆಟೋ-ರಿಪ್ಲೈಡ್" ಎಂಬ ಗುರುತು ಇರಬೇಕು, ಇಂಥ ಗುರುತುಳ್ಳ ಪತ್ರಕ್ಕೆ ನಾವು ಉತ್ತರಿಸಬಾರದು. ಎರಡನೆಯದು, ಲಕೋಟೆಯ ಮೇಲೆ ಕಳಿಸಿದವರ ವಿಳಾಸ ಖಾಲಿಯಿದ್ದರೆ ಸುಮ್ಮನಿರಬೇಕು. ತಲುಪದೆ ವಾಪಸಾದ ಪತ್ರದ ಸೂಚನೆ ಹಾಗೇ ಬರುತ್ತದೆ; ನಮ್ಮ ಉತ್ತರವನ್ನೂ ಹಾಗೇ ಕಳಿಸುವುದು ಕ್ಷೇಮ. ಮೂರನೆಯದು, ನಮ್ಮ ವಿಳಾಸಕ್ಕೇ ನೇರವಾಗಿ ಬರೆಯದ, ನೂರಾರು ಜನರಿಗೆ ಹಂಚಿದ ಸುತ್ತೋಲೆಗಳಿಗೆ ಉತ್ತರ ಬೇಡ.

ಇದೆಲ್ಲ ಎದುರಿನ ಯಂತ್ರಕ್ಕೂ ಮರ್ಯಾದೆ ಗೊತ್ತಿದ್ದರೆ ಸರಿ. ಗೊತ್ತಿಲ್ಲದಿದ್ದರೆ? ಅದಕ್ಕೇ ನಾಲ್ಕನೆಯ ನಿಯಮ, ಎಲ್ಲಕ್ಕಿಂತ ಮುಖ್ಯವಾದದ್ದು: ಯಾರಿಗೆ ಉತ್ತರಿಸಿದೆ ಎಂಬುದನ್ನು ನೆನಪಿಟ್ಟು, ಒಂದು ವಿಳಾಸಕ್ಕೆ 7 ದಿನಗಳಲ್ಲಿ ಒಂದೇ ಸಲ ಉತ್ತರಿಸುವುದು. ಎದುರಿನದು ಎಷ್ಟೇ ಕೂಗಲಿ, ನಮ್ಮದು ಸುಮ್ಮನಿದ್ದರೆ ಸುತ್ತು ಅಲ್ಲಿಗೇ ಮುರಿಯಿತು. ನಾನೇ ಬರೆದ ಪ್ರೋಗ್ರಾಮಿಗೆ ಈ ನೆನಪೇ ಇರಲಿಲ್ಲ. ಈಗ ಇದೆ.

ಕಲ್ಯಾಣಕ್ಕೆ ಹೋಗಿ ಹಿರಿಯರ ಕ್ಷಮೆ ಕೇಳಿ ಬಂದೆ. ಅವರ ಲೇಖನ ಈ ಸಂಚಿಕೆಯಲ್ಲಿದೆ, ದಯವಿಟ್ಟು ಓದಿ. ಮೆಚ್ಚುಗೆಯಾದರೆ ನಿಮ್ಮ ಕೈಯಾರೆ ಅವರಿಗೆ ನಾಲ್ಕು ಸಾಲು ಬರೆಯಿರಿ.